ಒಂಬತ್ತನೆಯ ತರಗತಿಯ ಮಕ್ಕಳು ಮತ್ತು ಊರಿನ ರಂಗ

ಭಾರತದ ಸಂವಿಧಾನದ 21ಎ ವಿಧಿಯನ್ನು ಆಧರಿಸಿದ ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. 6ರಿಂದ 14 ವರ್ಷದ ಮಕ್ಕಳಿಗೆ ಎಂಟನೆಯ ತರಗತಿಯವರೆಗಿನ ಶಿಕ್ಷಣವನ್ನು ಅದು ಹಕ್ಕಾಗಿ ಕೊಟ್ಟಿತು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯು 14 ತುಂಬಿ 18 ತುಂಬದವರನ್ನು ಕಿಶೋರರೆಂದು ಬೇರೆಯಾಗಿ ಗುರುತಿಸಿ, ಅಪಾಯಕಾರಿ ಉದ್ಯೋಗಗಳಲ್ಲಿ ಮಾತ್ರ ಅವರ ದುಡಿಮೆಯನ್ನು ನಿಷೇಧಿಸಿತು. ಈ ಎರಡು ಕಾಯ್ದೆಗಳನ್ನು ಜೊತೆಗಿಟ್ಟು ಓದಿದಾಗ, ಶಾಲೆ ಹಕ್ಕಾಗಿ ಉಳಿಯದ ವಯಸ್ಸೂ ಕೂಲಿಗೆ ಕಾನೂನಿನ ಒಪ್ಪಿಗೆ ಸಿಗುವ ವಯಸ್ಸೂ ಒಂದೇ ಆಗಿರುವುದು ಕಾಣುತ್ತದೆ. ಹೆಣ್ಣುಮಕ್ಕಳ ಮಟ್ಟಿಗೆ ಇದೇ ಹೊತ್ತಿಗೆ ಮದುವೆಯ ಮಾತು ಮನೆಯೊಳಗೆ ಬರುತ್ತದೆ. 18 ವರ್ಷಕ್ಕೆ ಮುಂಚಿನ ಮದುವೆಯನ್ನು 2006ರ ಕಾಯ್ದೆ ನಿಷೇಧಿಸಿದ್ದರೂ, ಶಾಲೆ ಬಿಡಿಸುವುದಕ್ಕೆ ಮದುವೆ ನಡೆಯಲೇಬೇಕೆಂದಿಲ್ಲ, ಅದರ ಮಾತು ನಡೆದರೆ ಸಾಕಾಗುತ್ತದೆ. ಹೀಗೆ ಒಂಬತ್ತನೆಯ ತರಗತಿಯು ಕರ್ನಾಟಕದ ಗ್ರಾಮೀಣ ವಿದ್ಯಾರ್ಥಿಯ ಬದುಕಿನಲ್ಲಿ ಅತ್ಯಂತ ಇಕ್ಕಟ್ಟಿನ ತಿರುವಾಗಿದೆ. ಈ ತಿರುವಿನಲ್ಲಿ ಮಕ್ಕಳನ್ನು ಶಾಲೆಯಲ್ಲಿ ಉಳಿಸಿಕೊಳ್ಳಲು ಸಮುದಾಯ ರಂಗಭೂಮಿ ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದೇ ಈ ಉಪನ್ಯಾಸದ ವಿಷಯ.

ಹಾಜರಿ ಪುಸ್ತಕದಲ್ಲಿ ಹೆಸರಿದ್ದು, ಬಡತನ, ವಲಸೆ, ಮನೆಯ ಹೊಣೆ, ಕಲಿಕೆಯಲ್ಲಿ ಹಿಂದುಳಿದಿರುವಿಕೆ ಮೊದಲಾದ ಕಾರಣಗಳಿಂದ ಓದನ್ನು ಅರ್ಧಕ್ಕೆ ಬಿಡುವ ಸಂಭವ ಹೆಚ್ಚಾಗಿರುವ ವಿದ್ಯಾರ್ಥಿಗಳನ್ನು ಶಿಕ್ಷಣತಜ್ಞರು ಅಪಾಯದ ಅಂಚಿನಲ್ಲಿರುವ ಮಕ್ಕಳು ಎಂದು ಕರೆಯುತ್ತಾರೆ. ಇಂಥ ಮಕ್ಕಳು ಒಂದೇ ದಿನದಲ್ಲಿ ಶಾಲೆ ಬಿಡುವುದಿಲ್ಲ. ಮೊದಲು ಸಂತೆಯ ದಿನ ತಪ್ಪುತ್ತದೆ, ಅನಂತರ ಕೊಯ್ಲಿನ ವಾರ ತಪ್ಪುತ್ತದೆ, ಕಿರುಪರೀಕ್ಷೆಯ ದಿನ ಹೊಟ್ಟೆನೋವು ಬರುತ್ತದೆ. ಕಲ್ಯಾಣ ಕರ್ನಾಟಕದ ಒಣಭೂಮಿಯ ಊರುಗಳಲ್ಲಾದರೆ ಮುಂಗಾರಿನ ಬೆಳೆ ಕೈಗೆ ಬಂದ ಮೇಲೆ ತಂದೆತಾಯಿ ಗುಳೆ ಹೊರಡುವಾಗ ಮಗನೋ ಮಗಳೋ ಜೊತೆಗೆ ಹೊರಡುತ್ತಾರೆ, ಬೇಸಿಗೆ ಕಳೆದು ಊರಿಗೆ ಮರಳಿದರೂ ತರಗತಿಗೆ ಮರಳುವುದಿಲ್ಲ. ಈ ಕಾರಣಗಳನ್ನು ಇಲಾಖೆಯ ವರದಿಗಳು ಚೆನ್ನಾಗಿಯೇ ಗುರುತಿಸುತ್ತವೆ. ಅವುಗಳಲ್ಲಿ ಅಷ್ಟಾಗಿ ಕಾಣಿಸಿಕೊಳ್ಳದ ಇನ್ನೊಂದು ಕಾರಣವಿದೆ, ಅದು ನಾಚಿಕೆ. ಒತ್ತಕ್ಷರ ಬಂದಲ್ಲೆಲ್ಲ ತಡವರಿಸುವ ಹುಡುಗ ಕಿರಿಯ ತರಗತಿಗಳಲ್ಲಿ ಎಲ್ಲರ ಜೊತೆ ದನಿಗೂಡಿಸಿ ಪಾಠ ಒಪ್ಪಿಸಿ ಪಾರಾಗಿರುತ್ತಾನೆ. ಪ್ರೌಢಶಾಲೆಯಲ್ಲಿ ವಿಷಯಕ್ಕೊಬ್ಬರಂತೆ ಶಿಕ್ಷಕರು ಬಂದು ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸತೊಡಗಿದಾಗ ಅವನ ಗುಟ್ಟು ದಿನಕ್ಕೆ ಹಲವು ಸಲ ಬಯಲಾಗುತ್ತದೆ. ಊರಿನಲ್ಲಿ ಟ್ರ್ಯಾಕ್ಟರ್ ಓಡಿಸಬಲ್ಲವನು, ಮನೆಯ ಲೆಕ್ಕಾಚಾರಕ್ಕೆ ಹೆಗಲು ಕೊಡುವವನು, ತಮ್ಮತಂಗಿಯರನ್ನು ಸಾಕುವವಳು ತರಗತಿಯಲ್ಲಿ ಮಾತ್ರ ಏನೂ ಬಾರದವರೆಂದು ಕೊನೆಯ ಬೆಂಚಿನಲ್ಲಿ ಕುಳಿತಿರಬೇಕಾಗುತ್ತದೆ. ಇಂಥವರು ಬಾರದ ದಿನ ತರಗತಿಯ ಕೆಲಸ ಎಲ್ಲೂ ನಿಲ್ಲುವುದಿಲ್ಲ. ತಾವಿಲ್ಲದೆಯೂ ಎಲ್ಲವೂ ನಡೆಯುತ್ತದೆಂಬುದನ್ನು ಅವರು ಬೇಗ ಅರಿತುಕೊಳ್ಳುತ್ತಾರೆ.

ರಂಗಭೂಮಿಯ ಪ್ರಯೋಜನವನ್ನು ಇಲ್ಲಿಂದ ವಿವರಿಸಬೇಕು. ನಾಟಕವಾಡಿದರೆ ಮಕ್ಕಳಿಗೆ ಖುಷಿಯಾಗುತ್ತದೆ, ಆತ್ಮವಿಶ್ವಾಸ ಬೆಳೆಯುತ್ತದೆ ಎಂಬ ವಾಡಿಕೆಯ ಸಮರ್ಥನೆಗಳು ಸುಳ್ಳೇನಲ್ಲ, ಆದರೆ ಅವು ಕ್ರಿಕೆಟ್ಟಿಗೂ ಹೊಂದುತ್ತವೆ. ನಾಟಕದ ವಿಶೇಷ ಗುಣವೆಂದರೆ, ಅದರಲ್ಲಿ ಎರಡು ಮಾತಿನ ದೂತನು ಬಾರದಿದ್ದರೂ ಅಂದಿನ ತಾಲೀಮು ಅಲ್ಲಿಗೇ ನಿಲ್ಲುತ್ತದೆ. ದೂತನ ಮಾತಿಗಾಗಿ ರಾಜ ಕಾಯಬೇಕು, ತಮಟೆಯವನು ಬಾರದೆ ಮೇಳದ ಹೆಜ್ಜೆ ಕೂಡದು. ಬಾರದವರನ್ನು ಮನೆಗೆ ಹೋಗಿ ಕರೆತರಲು ಆಗ ಶಿಕ್ಷಕರು ಹೊರಡಬೇಕಿಲ್ಲ, ಜೊತೆಯ ಮಕ್ಕಳೇ ಹೊರಡುತ್ತಾರೆ. ತನ್ನ ಗೈರುಹಾಜರಿ ಇತರರಿಗೆ ನಷ್ಟವೆಂದು ಒಂದು ಮಗುವಿಗೆ ಗೊತ್ತಾಗುವ ವ್ಯವಸ್ಥೆ ಶಾಲೆಯೊಳಗೆ ಬಹಳ ಕಡಿಮೆ ಇದೆ. ರಂಗತಾಲೀಮು ಅಂಥ ಒಂದು ವ್ಯವಸ್ಥೆ.

ಸಮುದಾಯ ರಂಗಭೂಮಿ ಎಂಬುದನ್ನು ಇಲ್ಲಿ ಸೀಮಿತ ಅರ್ಥದಲ್ಲಿ ಬಳಸಲಾಗಿದೆ: ಒಂದು ಊರಿನ ಅಥವಾ ಕೇರಿಯ ಜನ ತಾವೇ ಸೇರಿ, ತಮ್ಮ ಕಥೆಯನ್ನೋ ತಾವು ತಮ್ಮದಾಗಿಸಿಕೊಂಡ ಕಥೆಯನ್ನೋ, ತಮ್ಮವರ ಮುಂದೆ ಆಡುವ ರಂಗಭೂಮಿ. ಈ ಅರ್ಥದಲ್ಲಿ ಶಾಲಾ ವಾರ್ಷಿಕೋತ್ಸವದ ನಾಟಕ ಸಮುದಾಯ ರಂಗಭೂಮಿಯಾಗುವುದು ಅಪರೂಪ, ಏಕೆಂದರೆ ಅಲ್ಲಿ ಚೆನ್ನಾಗಿ ಓದುವ, ಉಚ್ಚಾರಣೆ ಸ್ಪಷ್ಟವಾಗಿರುವ ಮಕ್ಕಳಿಗೇ ಪಾತ್ರ ಸಿಗುತ್ತದೆ. ಪ್ರತಿಭಾ ಕಾರಂಜಿಯಂಥ ಸ್ಪರ್ಧೆಗಳು ಅನೇಕ ಮಕ್ಕಳಿಗೆ ವೇದಿಕೆ ಕೊಟ್ಟಿವೆ ನಿಜ. ಆದರೂ ಸ್ಪರ್ಧೆಯ ಸ್ವಭಾವವೇ ಸೋಸುವುದು, ಮತ್ತು ಸೋಸುವಾಗ ಮೊದಲು ಹೊರಗುಳಿಯುವವರು ಇಲ್ಲಿ ಹೇಳುತ್ತಿರುವ ಮಕ್ಕಳೇ. ಬೇಸಿಗೆ ಶಿಬಿರಗಳ ತೊಡಕು ಬೇರೆ ಬಗೆಯದು. ಮೈಸೂರಿನ ರಂಗಾಯಣದ ಚಿನ್ನರ ಮೇಳ ಮೊದಲಾದ ಶಿಬಿರಗಳು ಕನ್ನಡದ ಮಕ್ಕಳ ರಂಗಭೂಮಿಗೆ ದೊಡ್ಡ ಕೊಡುಗೆ ನೀಡಿವೆಯಾದರೂ, ಏಪ್ರಿಲ್-ಮೇ ತಿಂಗಳುಗಳಲ್ಲಿ ಗುಳೆ ಹೋದ ಮನೆಯ ಮಕ್ಕಳು ಇಟ್ಟಿಗೆ ಗೂಡಿನ ಬಳಿಯೋ ನಗರದ ಕಟ್ಟಡದ ಕೆಲಸದಲ್ಲೋ ಇರುತ್ತಾರೆ. ಶಾಲೆ ಬಿಡುವ ಋತು ನವೆಂಬರ್‌ನಿಂದ ಜನವರಿಯವರೆಗಿನದು. ರಂಗಚಟುವಟಿಕೆಯ ಪಂಚಾಂಗವನ್ನು ಈ ಋತುವಿಗೆ ಹೊಂದಿಸದೆ ಹೋದರೆ ಎಷ್ಟು ಒಳ್ಳೆಯ ನಾಟಕವಾಡಿಸಿದರೂ ಅದು ಉಳಿಸಬೇಕಾದವರನ್ನು ತಲುಪುವುದಿಲ್ಲ.

ಓದಿನಲ್ಲಿ ಹಿಂದುಳಿದ ಮಗುವಿನ ಬಗ್ಗೆ ಕನ್ನಡ ನಾಟಕ ಮೊದಲಿನಿಂದಲೂ ಯೋಚಿಸಿದೆ. ಟಿ.ಪಿ. ಕೈಲಾಸಂ ಅವರ 'ಟೊಳ್ಳುಗಟ್ಟಿ'ಯಲ್ಲಿ ಪರೀಕ್ಷೆಗಳಲ್ಲಿ ಗೆಲ್ಲುವ ಮಗನಿಗೆ ಸಿಗುವ ಮನ್ನಣೆ ಓದಿನಲ್ಲಿ ಹಿಂದುಳಿದವನಿಗೆ ಸಿಗುವುದಿಲ್ಲ, ಆದರೆ ಮನೆಗೆ ಬೆಂಕಿ ಬಿದ್ದ ಹೊತ್ತಿನಲ್ಲಿ ನೆರವಿಗೆ ಬರುವವನು ಈ ಎರಡನೆಯವನು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ಕುಣಿತ, ನಾಟಕಗಳನ್ನು ಕಲಿಕೆಯ ಹೊರಗಿನ ಮನರಂಜನೆಯಾಗಿ ನೋಡದೆ ಕಲಿಕೆಯ ದಾರಿಯಾಗಿಯೇ ನೋಡಿದರು. ಬಿ.ವಿ. ಕಾರಂತರ 'ಪಂಜರ ಶಾಲೆ', ರವೀಂದ್ರನಾಥ ಠಾಕೂರರ ಗಿಣಿಯ ಕಥೆಯನ್ನು ಆಧರಿಸಿ, ಹಕ್ಕಿಗೆ ವಿದ್ಯೆ ಕಲಿಸಲು ಹೊರಟ ಅರಮನೆಯು ಪಂಜರಕ್ಕೂ ಪುಸ್ತಕಕ್ಕೂ ಹಣ ಸುರಿದು ಹಕ್ಕಿಯನ್ನೇ ಕಳೆದುಕೊಳ್ಳುವ ಬಗೆಯನ್ನು ಮಕ್ಕಳ ಬಾಯಿಂದಲೇ ಹೇಳಿಸಿತು. ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ಬೆನಕ ತಂಡದ ಮೂಲಕ ಮಕ್ಕಳ ನಾಟಕಕ್ಕೆ ನೆಲೆ ಒದಗಿಸಿದರು. ಶರಾವತಿಯ ಹಿನ್ನೀರಿನಾಚೆಯ ತುಮರಿಯಲ್ಲಿ ಕೆ.ಜಿ. ಕೃಷ್ಣಮೂರ್ತಿಯವರು ಕಟ್ಟಿದ ಕಿನ್ನರ ಮೇಳ, ನಾಟಕವನ್ನು ಮಕ್ಕಳಿದ್ದಲ್ಲಿಗೇ, ಶಾಲೆಗಳಿಗೇ ಕೊಂಡೊಯ್ದಿತು.

ಆದರೆ ಪ್ರಸ್ತುತ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರದ ನಿದರ್ಶನ ಮಂಚಿಕೇರಿಯದು. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ತಿರುಗಾಟವನ್ನೂ ಆರಂಭಿಸಿದ ಕಾಲದ ಆಸುಪಾಸಿನಲ್ಲಿ, ಕೆ.ವಿ. ಸುಬ್ಬಣ್ಣನವರ ಚಿಂತನೆಯ ಫಲವಾಗಿ ರಂಗಭೂಮಿ ತಲುಪದ ಜನಸಮುದಾಯಗಳ ನಡುವೆಯೂ ಕೆಲಸ ಮಾಡಿತು. ಉತ್ತರ ಕನ್ನಡದ ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ಚಿದಂಬರರಾವ್ ಜಂಬೆಯವರು ಸಿದ್ದಿ ಸಮುದಾಯದವರೊಂದಿಗೆ ಆಡಿಸಿದ 'ಕಪ್ಪು ಜನ ಕೆಂಪು ನೆರಳು', ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿಯನ್ನು ಆಧರಿಸಿದ ನಾಟಕವಾಗಿತ್ತು. ಆಫ್ರಿಕದಿಂದ ಬಂದವರ ವಂಶದವರಾಗಿ, ಕಾಡಂಚಿನಲ್ಲಿ ಇತರರ ಜಮೀನಿನ ಕೂಲಿಗಳಾಗಿ ಬದುಕುತ್ತಿದ್ದವರಿಗೆ ತಮ್ಮ ಪೂರ್ವಜರ ಖಂಡದ ಕಥೆಯೊಂದು ಕನ್ನಡದಲ್ಲಿ, ತಮ್ಮದೇ ಮೈಯ ಲಯದಲ್ಲಿ, ತಮ್ಮದೇ ವಾದ್ಯಗಳೊಡನೆ ದೊರಕಿತು. ಅಲ್ಲಿಂದ ಮುಂದೆ ಸಿದ್ದಿ ಸಮುದಾಯದ ಕೆಲವರು ರಂಗಶಿಕ್ಷಣ ಪಡೆದು ರಂಗಭೂಮಿಯನ್ನೂ ಚಲನಚಿತ್ರವನ್ನೂ ಪ್ರವೇಶಿಸಿದರು. ಈ ಪ್ರಯೋಗದ ಪಾಠವೆಂದರೆ, ಹಿಂದುಳಿದವರೆನಿಸಿಕೊಂಡವರಿಗೆ ಸುಲಭದ, ಸಣ್ಣ ಕಥೆಯನ್ನು ಕೊಡಬೇಕೆಂಬ ದಯೆ ಅನಗತ್ಯ. ಅಂಚಿನಲ್ಲಿರುವ ಹರೆಯದವರಿಗೆ ಕಾಗೆ-ನರಿಯ ಕಥೆ ಕೊಟ್ಟು ಕುಣಿಸಿದರೆ ಅದನ್ನು ಅವರು ಅವಮಾನವೆಂದೇ ತಿಳಿಯುತ್ತಾರೆ. ಅವರ ವಯಸ್ಸಿಗೆ ಮೀರಿದ ಹೊಣೆಗಳನ್ನು ಬದುಕು ಹೊರಿಸಿರುವಾಗ, ರಂಗವೂ ಅವರ ಬುದ್ಧಿಗೆ ತಕ್ಕಷ್ಟು ಭಾರವಾದುದನ್ನು ಕೊಡಬೇಕು.

ತಾಲೀಮಿನೊಳಗೆ ಓದುಬರಹ ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ರಂಗದಿಂದ ಪಾಠ ಹಾಳಾಗುತ್ತದೆಂಬ ಆಕ್ಷೇಪಕ್ಕೆ ಉತ್ತರ ಅಲ್ಲಿದೆ. ಮೊದಲ ವಾರಗಳಲ್ಲಿ ಪುಸ್ತಕವನ್ನು ಹೊರತರಬಾರದು. ನಡಿಗೆ, ಲಯ, ಸದ್ದು, ಕಣ್ಣುಮುಚ್ಚಿ ಜೊತೆಗಾರನ ಕೈಹಿಡಿದು ಸಾಗುವ ಆಟ ಇವುಗಳಲ್ಲಿ ಎಲ್ಲರೂ ಸಮಾನರಾಗುತ್ತಾರೆ, ಕೆಲವೊಮ್ಮೆ ಕೊನೆಯ ಬೆಂಚಿನವರೇ ಮುಂದಾಗುತ್ತಾರೆ. ಅನಂತರ ಕಥೆಯನ್ನು ಬಾಯಲ್ಲಿ ಹೇಳಿ, ಒಂದು ಸನ್ನಿವೇಶವನ್ನು ಮಕ್ಕಳು ತಮ್ಮ ಮನೆಮಾತಿನಲ್ಲೇ, ಅದು ಬೀದರಿನ ಕನ್ನಡವಾಗಲಿ, ಲಂಬಾಣಿ ಬೆರೆತ ಕನ್ನಡವಾಗಲಿ, ಚಾಮರಾಜನಗರದ ಸೋಲಿಗರ ನುಡಿಯಾಗಲಿ, ಆಶುವಾಗಿ ಆಡುವಂತೆ ಬಿಡಬೇಕು. ಆಡಿದ ಮಾತುಗಳನ್ನು ಒಬ್ಬರು ಬರೆದುಕೊಳ್ಳುತ್ತಾರೆ. ಮರುದಿನ ಆ ಹಾಳೆಯೇ ಓದಿನ ಪಠ್ಯ. ತಡವರಿಸುವ ಹುಡುಗನ ಮುಂದೆ ಈಗ ಇರುವುದು ಅವನೇ ಆಡಿದ ವಾಕ್ಯ. ಅದರಲ್ಲಿ ಏನಿದೆಯೆಂದು ಅವನಿಗೆ ಮೊದಲೇ ಗೊತ್ತು, ಅಕ್ಷರಗಳನ್ನು ಅದಕ್ಕೆ ಕೂಡಿಸಿಕೊಳ್ಳುವುದಷ್ಟೇ ಉಳಿದಿದೆ. ಕಲಿಯುವವರು ಆಡಿದ ಮಾತನ್ನೇ ಬರಹಕ್ಕಿಳಿಸಿ ಅದರ ಮೂಲಕ ಓದು ಕಲಿಸುವ ಕ್ರಮ ಭಾಷಾಬೋಧನೆಯಲ್ಲಿ ಹಿಂದಿನಿಂದಲೂ ಇದೆ. ರಂಗ ಅದಕ್ಕೆ ಸೇರಿಸುವುದು ಮರುಓದಿನ ಅಗತ್ಯವನ್ನು: ಪಾಠವನ್ನು ಎರಡನೆಯ ಸಲ ಓದೆಂದರೆ ಬೇಸರಪಡುವ ಮಗು ಅದೇ ಮಾತನ್ನು ತಾಲೀಮಿನಲ್ಲಿ ಮೂವತ್ತು ಸಲ ಹೇಳುತ್ತದೆ, ಎಲ್ಲಿ ತಡೆಯಬೇಕು, ಎಲ್ಲಿ ದನಿಯೇರಿಸಬೇಕೆಂದು ಯೋಚಿಸುತ್ತಲೇ ಅರ್ಥವನ್ನು ಬಿಡಿಸಿಕೊಳ್ಳುತ್ತದೆ. ಮುಂದೆ ಗ್ರಾಂಥಿಕ ಭಾಷೆಯ ನಾಟಕಕ್ಕೆ ಹೋಗುವಾಗ ಈ ಹಾಳೆಗಳೇ ಮೆಟ್ಟಿಲಾಗುತ್ತವೆ. ಮನೆಮಾತನ್ನು ತಿದ್ದಿ ಆರಂಭಿಸುವ ನಿರ್ದೇಶಕನು ಮೊದಲ ದಿನವೇ ಅರ್ಧ ತಂಡವನ್ನು ಕಳೆದುಕೊಳ್ಳುತ್ತಾನೆ.

ಗುಳೆ ಹೋಗುವ ಮನೆಗಳ ಮಕ್ಕಳಿಗಾಗಿ ಒಂದು ಪಾತ್ರಕ್ಕೆ ಇಬ್ಬರನ್ನು ಸಿದ್ಧಪಡಿಸುವುದು ಒಳ್ಳೆಯದು. ಹೋದವನ ಪಾತ್ರವನ್ನು ಉಳಿದವನು ಕಾಯ್ದುಕೊಳ್ಳುತ್ತಾನೆ, ಹೋದವನಿಗೆ ಮರಳಿ ಬಂದು ಹಿಡಿಯಲು ಒಂದು ಜಾಗವಿರುತ್ತದೆ. ಹಿರಿಯರ ಒಪ್ಪಿಗೆ ಪಡೆದು, ಮಗುವನ್ನು ಅಜ್ಜಿಯ ಮನೆಯಲ್ಲೋ ವಿದ್ಯಾರ್ಥಿನಿಲಯದಲ್ಲೋ ಉಳಿಸುವ ಮಾತುಕತೆಗೂ ನಾಟಕವು ಗಟ್ಟಿಯಾದ ನೆಪವಾಗುತ್ತದೆ. ಹೆಣ್ಣುಮಕ್ಕಳ ತಾಲೀಮು ಶಾಲೆಯ ಹೊತ್ತಿನಲ್ಲೇ ಮುಗಿಯಬೇಕು. ಸಂಜೆಯ ಬಸ್ಸು ತಪ್ಪಿಸಿಕೊಂಡ ಒಂದೇ ಒಂದು ದಿನ ಒಬ್ಬ ಹುಡುಗಿಯ ಓದನ್ನೇ ನಿಲ್ಲಿಸಬಹುದಾದ ಊರುಗಳಿವೆ. ವೇಷಭೂಷಣ ಹೊಲಿಯಲು, ಹಾಡು ಕಲಿಸಲು ತಾಯಂದಿರನ್ನು ಕರೆದರೆ ರಂಗದ ಬಗೆಗಿನ ಅವರ ಅಂಜಿಕೆ ಮಾತಿಲ್ಲದೆಯೇ ಕಡಿಮೆಯಾಗುತ್ತದೆ.

ಕರ್ನಾಟಕದ ಹಳ್ಳಿಗಳಿಗೆ ರಂಗವನ್ನು ಹೊರಗಿನಿಂದ ತರಬೇಕಾಗಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಉತ್ತರ ಕರ್ನಾಟಕದಲ್ಲಿ ದೊಡ್ಡಾಟ, ಸಣ್ಣಾಟಗಳಿವೆ, ಜಾತ್ರೆಗೆ ಸಾಮಾಜಿಕ ನಾಟಕವಿದೆ. ಹಳೆಯ ಮೈಸೂರಿನ ಊರುಗಳಲ್ಲಿ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ 'ಕುರುಕ್ಷೇತ್ರ' ಕಲಿಯುವ ರೈತರಿದ್ದಾರೆ. ಅಕ್ಷರವೇ ಬಾರದವರು ಕಂದಪದ್ಯಗಳನ್ನು ಬಾಯಿಪಾಠ ಮಾಡಿ ರಾತ್ರಿಯಿಡೀ ಹಾಡುವ ಈ ಪರಂಪರೆಯು, ಕಲಿಯಲಾರರು ಎಂದು ಯಾರ ಬಗ್ಗೆಯೂ ಹೇಳುವ ಮುನ್ನ ಯೋಚಿಸುವಂತೆ ಮಾಡುತ್ತದೆ. ಶಾಲೆ ಈ ಮೇಷ್ಟ್ರನ್ನೂ ಈ ಪ್ರೇಕ್ಷಕರನ್ನೂ ತನ್ನವರಾಗಿಸಿಕೊಳ್ಳಬೇಕು. ಆದರೆ ಹೆಚ್ಚು ಹಣ ಕೊಟ್ಟವರಿಗೆ ದೊಡ್ಡ ಪಾತ್ರ, ಊರಿನ ಹೆಂಗಸರಿಗೆ ಪಾತ್ರವೇ ಇಲ್ಲ ಎಂಬ ಅಲ್ಲಿನ ರೂಢಿಗಳನ್ನು ಶಾಲೆಯ ಅಂಗಳದಾಚೆಗೇ ಬಿಡಬೇಕು. ಕರಾವಳಿಯಲ್ಲಿ ಇಂಥ ಒಂದು ಬೆಸುಗೆ ನಡೆದಿದೆ. ಉಡುಪಿಯ ಯಕ್ಷಗಾನ ಕಲಾರಂಗದ ಬೆಂಬಲದಿಂದ ಅಲ್ಲಿನ ಪ್ರೌಢಶಾಲೆಗಳಲ್ಲಿ ಗುರುಗಳು ಹುಡುಗ ಹುಡುಗಿಯರಿಬ್ಬರಿಗೂ ಯಕ್ಷಗಾನ ಕಲಿಸುತ್ತಾರೆ, ವರ್ಷದ ಕೊನೆಯ ತಿಂಗಳುಗಳಲ್ಲಿ ಕಿಶೋರ ಯಕ್ಷಗಾನ ಪ್ರದರ್ಶನಗಳು ಊರವರ ಎದುರು ನಡೆಯುತ್ತವೆ. ಅದೇ ಸಂಸ್ಥೆ ವಿದ್ಯಾಪೋಷಕ್ ಎಂಬ ಯೋಜನೆಯಡಿ ಬಡ ವಿದ್ಯಾರ್ಥಿಗಳಿಗೆ ಓದಿನ ನೆರವನ್ನೂ ನೀಡುತ್ತದೆ. ಕುಣಿಯಲು ಕಲಿಸಿದ ಕೈಯೇ ಶುಲ್ಕದ ಚಿಂತೆಯನ್ನೂ ನೋಡಿಕೊಳ್ಳುವ ಈ ಕ್ರಮ ರಾಯಚೂರು, ಯಾದಗಿರಿಗಳಂಥ ಕಡೆಗಳಿಗೆ ಇನ್ನೂ ಹೆಚ್ಚು ಅಗತ್ಯವಾದದ್ದು.

ಹೊರದೇಶಗಳ ಅನುಭವವೂ ನೆರವಾಗುತ್ತದೆ. ಇಂಗ್ಲೆಂಡಿನ ಕವೆಂಟ್ರಿಯ ಬೆಲ್‌ಗ್ರೇಡ್ ರಂಗಮಂದಿರ 1965ರಲ್ಲಿ ನಟ-ಶಿಕ್ಷಕರ ತಂಡವನ್ನು ಶಾಲೆಗಳಿಗೆ ಕಳುಹಿಸುವ ಪದ್ಧತಿಯನ್ನು ಆರಂಭಿಸಿತು. ಬ್ರೆಜಿಲಿನ ಆಗಸ್ಟೊ ಬೋಲ್, ತನ್ನ ನಾಡಿನವನೇ ಆದ ಶಿಕ್ಷಣಚಿಂತಕ ಪಾವ್ಲೊ ಫ್ರೇರೆಯ ವಿಚಾರಗಳ ಬೆಳಕಿನಲ್ಲಿ, ಪೆರು ದೇಶದ 1973ರ ಸಾಕ್ಷರತಾ ಕಾರ್ಯಕ್ರಮದಲ್ಲಿ ದುಡಿಯುತ್ತ ದಮನಿತರ ರಂಗಭೂಮಿಯನ್ನು ರೂಪಿಸಿದ. ಅದರ ಪ್ರಮುಖ ಪ್ರಕಾರ ಫೋರಂ ರಂಗಭೂಮಿ: ಅನ್ಯಾಯದಲ್ಲಿ ಕೊನೆಗೊಳ್ಳುವ ಚಿಕ್ಕ ನಾಟಕವನ್ನು ಒಮ್ಮೆ ಪೂರ್ತಿ ಆಡಿ, ಎರಡನೆಯ ಸಲ ಆಡುವಾಗ ಪ್ರೇಕ್ಷಕರಲ್ಲಿ ಯಾರಾದರೂ ತಡೆದು, ರಂಗಕ್ಕೆ ಬಂದು, ನೊಂದ ಪಾತ್ರದ ಜಾಗದಲ್ಲಿ ನಿಂತು ಬೇರೆ ದಾರಿಯನ್ನು ಆಡಿ ತೋರಿಸುವುದು. ಪಶ್ಚಿಮ ಬಂಗಾಳದ ಸುಂದರಬನದ ಹಳ್ಳಿಗಳಲ್ಲಿ 1985ರಿಂದ ಜನ ಸಂಸ್ಕೃತಿ ತಂಡ ಈ ಪ್ರಕಾರವನ್ನು ಬೆಳೆಸಿದೆ. ಒಂಬತ್ತನೆಯ ತರಗತಿಯ ಹುಡುಗಿಯ ಮದುವೆ ನಿಶ್ಚಯವಾಗುವ ದೃಶ್ಯವನ್ನು ಊರಿನೆದುರು ಹೀಗೆ ಆಡಿದರೆ, ಸೋದರಮಾವನಾಗಿ, ಅಜ್ಜಿಯಾಗಿ, ಶಿಕ್ಷಕನಾಗಿ ಯಾರು ಎಲ್ಲಿ ಏನು ಹೇಳಬಹುದಿತ್ತೆಂಬುದನ್ನು ಊರೇ ಹುಡುಕತೊಡಗುತ್ತದೆ. ಬಾಲ್ಯವಿವಾಹ ತಡೆಯಿರಿ ಎಂದು ಮಕ್ಕಳಿಂದ ಘೋಷಣೆ ಕೂಗಿಸುವ ಬೀದಿನಾಟಕಕ್ಕೆ ಈ ಶಕ್ತಿಯಿಲ್ಲ, ಅಲ್ಲಿ ಉತ್ತರ ಮೊದಲೇ ಬರೆದಿಟ್ಟದ್ದು. ಫೋರಂ ಪ್ರಕಾರದಲ್ಲಿ ಅಪಾಯವೂ ಇದೆ. ಮಗುವಿನ ಸ್ವಂತ ಮನೆಯ ಕಥೆಯನ್ನು ಮಗುವಿನಿಂದಲೇ ಆಡಿಸುವುದು ಯಾವ ಕಾರಣಕ್ಕೂ ಸಲ್ಲದು. ನಾಟಕ ಮುಗಿದ ಮೇಲೆ ಮಗು ಹೋಗಬೇಕಾದದ್ದು ಅದೇ ಮನೆಗೆ. ಅಲ್ಲಿ ಸಿಗಬಹುದಾದ ಪೆಟ್ಟಿಗೆ ನಿರ್ದೇಶಕ ಅಡ್ಡ ನಿಲ್ಲಲಾರ. ಆದ್ದರಿಂದ ಕಥೆಯನ್ನು ಬೇರೆ ಊರಿಗೆ, ಬೇರೆ ಕಾಲಕ್ಕೆ ಸಾಗಿಸಿಯೇ ಆಡಬೇಕು.

ರಂಗದ ಮಿತಿಗಳನ್ನು ಮರೆಮಾಚಿದರೆ ರಂಗಕ್ಕೇ ನಷ್ಟ. ಸಾಲ ತೀರಿಸಲು ಮಗನ ಕೂಲಿ ಬೇಕಾದ ಮನೆಗೆ ನಾಟಕ ಉತ್ತರವಲ್ಲ. ಪ್ರೌಢಶಾಲೆ ಹತ್ತು ಕಿಲೋಮೀಟರ್ ದೂರವಿದ್ದು ಬಸ್ಸಿಲ್ಲದಿದ್ದರೆ, ಶೌಚಾಲಯದಲ್ಲಿ ನೀರಿಲ್ಲದಿದ್ದರೆ ಯಾವ ತಾಲೀಮೂ ಹುಡುಗಿಯರನ್ನು ಉಳಿಸದು. ರಾಜ್ಯದಲ್ಲಿ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ ಈ ದೃಷ್ಟಿಯಿಂದ ನಾಟಕಕ್ಕಿಂತ ಮೊದಲು ಬರಬೇಕಾದದ್ದೇ. ಇನ್ನೊಂದು ಸೂಕ್ಷ್ಮವೂ ಇದೆ. ರಂಗದ ಸೆಳೆತವೇ ಮಗುವನ್ನು ಶಾಲೆಯಿಂದ ಹೊರಗೆ ಒಯ್ಯಬಹುದು. ಬಿ.ವಿ. ಕಾರಂತರು ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು. ಅವರ ಬದುಕಿನಲ್ಲಿ ಗಮನಿಸಬೇಕಾದದ್ದು ಅನಂತರದ ಘಟನೆ: ಗುಬ್ಬಿ ವೀರಣ್ಣನವರು ಅವರನ್ನು ಹೆಚ್ಚಿನ ಓದಿಗಾಗಿ ಕಾಶಿಗೆ ಕಳುಹಿಸಿದರು, ಅಲ್ಲಿ ಅವರು ಹಿಂದಿಯಲ್ಲಿ ಎಂ.ಎ. ಮಾಡಿ, ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಸೇರಿದರು. ಕಂಪನಿಯ ಯಜಮಾನನೊಬ್ಬ ತನ್ನ ಹುಡುಗನನ್ನು ಓದಿಗೆ ಬಿಟ್ಟುಕೊಟ್ಟ ಈ ಔದಾರ್ಯ, ಶಾಲೆಯಲ್ಲಿ ರಂಗವನ್ನು ನಡೆಸುವ ಪ್ರತಿಯೊಬ್ಬರಿಗೂ ಬೇಕು. ಮಾರ್ಚಿನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮುಂದೆ ಹತ್ತನೆಯ ತರಗತಿಯ ನಟರನ್ನು ಬಿಟ್ಟುಕೊಡದ ನಿರ್ದೇಶಕನು ತನ್ನ ಪ್ರದರ್ಶನವನ್ನು ಮಾತ್ರ ಪ್ರೀತಿಸುವವನು.

ಕಲೆಗಳನ್ನು ಹತ್ತನೆಯ ತರಗತಿಯವರೆಗೆ ಕಡ್ಡಾಯ ವಿಷಯವಾಗಿ ಕಲಿಸಬೇಕೆಂಬ ಶಿಫಾರಸು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಚಿಂತನೆಯಲ್ಲೇ ಇದ್ದು, ಅದರಲ್ಲಿ ರಂಗಭೂಮಿಯೂ ಸೇರಿತ್ತು. ಕರ್ನಾಟಕದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ರಂಗಶಿಕ್ಷಣ ಪಡೆದವರನ್ನು ನಾಟಕ ಶಿಕ್ಷಕರಾಗಿ ನೇಮಿಸಿದ್ದೂ ಉಂಟು. ಶಾಲೆಗಳ ಸಂಖ್ಯೆಯ ಮುಂದೆ ಅವರ ಸಂಖ್ಯೆ ತೀರ ಚಿಕ್ಕದು. ಪ್ರತಿ ಶಾಲೆಗೂ ಒಬ್ಬರು ಸಿಗುವವರೆಗೆ ಕಾಯಬೇಕಾಗಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯು ಊರಿನ ದೊಡ್ಡಾಟದ ಮಾಸ್ತರರನ್ನೋ ಹಾರ್ಮೋನಿಯಂ ಮೇಷ್ಟ್ರನ್ನೋ ಗೌರವಧನ ಕೊಟ್ಟು ಕರೆಯಬಹುದು. ತರಬೇತಾದ ನಾಟಕ ಶಿಕ್ಷಕರೊಬ್ಬರು ಸುತ್ತಲಿನ ಐದಾರು ಶಾಲೆಗಳಿಗೆ ವಾರಕ್ಕೊಮ್ಮೆ ಹೋಗಿ ಅವರ ಜೊತೆ ಕೆಲಸ ಮಾಡಬಹುದು. ತಾಲೀಮು ಜೂನ್‌ನಲ್ಲಿ ಆರಂಭವಾಗಲಿ, ಪಾತ್ರಹಂಚಿಕೆಯಲ್ಲಿ ಹಿಂದಿನ ವರ್ಷ ಹೆಚ್ಚು ದಿನ ತಪ್ಪಿಸಿಕೊಂಡವರ ಹೆಸರುಗಳು ಮೊದಲು ಬರಲಿ, ಪ್ರದರ್ಶನ ಡಿಸೆಂಬರ್‌ನಲ್ಲಿ ಊರ ನಡುವೆ ನಡೆಯಲಿ. ಕೆಲಸದ ಅಳತೆಗೆ ಬಹುಮಾನದ ಫಲಕಗಳನ್ನು ಎಣಿಸಬೇಕಾಗಿಲ್ಲ. ಒಂಬತ್ತನೆಯ ತರಗತಿಯ ನವೆಂಬರ್, ಡಿಸೆಂಬರ್, ಜನವರಿ ತಿಂಗಳುಗಳ ಹಾಜರಿಯನ್ನು ಹಿಂದಿನ ವರ್ಷದ ಅದೇ ತಿಂಗಳುಗಳ ಹಾಜರಿಯೊಡನೆ ಹೋಲಿಸಿ, ಮರುವರ್ಷದ ಜೂನ್‌ನಲ್ಲಿ ಹತ್ತನೆಯ ತರಗತಿಗೆ ಬಂದವರು ಯಾರು, ಬಾರದವರು ಯಾರು, ಬಾರದಿರಲು ಕಾರಣವೇನು ಎಂಬುದನ್ನು ಹೆಸರುಹೆಸರಾಗಿ ಬರೆದು ಸಮಿತಿಯ ಸಭೆಯ ಮುಂದಿಡುವುದು ಮುಖ್ಯೋಪಾಧ್ಯಾಯರ ಹೊಣೆಯಾಗಬೇಕು.